ಐರೋಲಿಯ ದಾರಿಗೆ ಒಂದು ಕ್ಲಚ್

ಕ್ಲಚ್ ಜಾರುತ್ತಿದೆ ಎಂಬ ಮಾತು ಸಾನಪಾಡಾದ ಆ ಮನೆಯಲ್ಲಿ ಮೊದಲು ಎದ್ದದ್ದು ಗುಳ್ಳದ ಹುಳಿ ಬಡಿಸುವ ಹೊತ್ತಿನಲ್ಲಿ. ದೀಪಾವಳಿ ಕಳೆದ ಮೊದಲ ಭಾನುವಾರ. ಉಡುಪಿಯ ಬಸ್ಸಿನಲ್ಲಿ ಬಂದಿಳಿದ ಮಟ್ಟುಗುಳ್ಳ ಬದನೆಯನ್ನು ವನಮಾಲಾ ಹೋಳು ಕರಗದ ಹಾಗೆ ಬೇಯಿಸಿದ್ದಳು. ಹೋಟೆಲಿನವರ ಮನೆಯಲ್ಲಿ ಊಟ ಯಾವಾಗಲೂ ತಡ. ಗಿರಾಕಿಗಳ ಎಲೆ ಎದ್ದು, ಗಲ್ಲಾವನ್ನು ಮ್ಯಾನೇಜರನಿಗೆ ಒಪ್ಪಿಸಿ, ಯಜಮಾನ ಯಜ್ಞೇಶ್ವರ ರಾಯರು ಮನೆಗೆ ಬಂದ ಮೇಲೆಯೇ ಅಲ್ಲಿ ತಟ್ಟೆ ಇಡುವ ಕ್ರಮ.

“ಅಮ್ಮ, ಗಾಡಿಯಲ್ಲಿ ನಿನಗೆ ಏನಾದರೂ ಫರಕ್ ಗೊತ್ತಾಗ್ತಾ ಉಂಟಾ?” ಎಂದು ಮಗ ಕಶ್ಯಪ ಕೇಳಿದ.

“ಎಂತ ಫರಕ್?” ಎಂದಳು ವನಮಾಲಾ.

“ಫ್ಲೈಓವರ್ ಏರುವಾಗ ಇಂಜಿನ್ ಕೂಗ್ತದೆ, ಆದರೆ ಗಾಡಿ ಮುಂದೆ ಹೋಗುವುದಿಲ್ಲ. ಹಾಗೆ.”

“ಉಂಟು. ಮೇಲಿನ ಗೇರಿನಲ್ಲಿ. ಸೀದ ವಾಸನೆಯೂ ಬರ್ತದೆ.”

“ಮತ್ತೆ ಹೇಳಲಿಲ್ಲ ಯಾಕೆ?”

“ಹಿಂದೆ ಸಾಂಬಾರು ಇರ್ತದಲ್ಲ. ತಳ ಹಿಡಿದದ್ದನ್ನೇ ತುಂಬಿಸಿ ಕೊಟ್ಟಿದ್ದಾರೆ ಅಂತ ಮಾಡಿದ್ದೆ.”

ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು ಶ್ರೀಪ್ರಿಯಾ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. “ಸೂಪರ್! ಅಪ್ಪನ ಸಾಂಬಾರಿಗೆ ಕ್ಲಚ್ ಪ್ಲೇಟಿನ ಒಗ್ಗರಣೆ.”

“ನನ್ನ ಸಾಂಬಾರಿನ ಸುದ್ದಿಗೆ ಬರಬೇಡ,” ಎಂದರು ರಾಯರು. ಅವರು ನಗಲಿಲ್ಲ.

ಆ ಗಾಡಿ ಎಂಟು ವರ್ಷ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್. ಅದಕ್ಕೆ ಎರಡು ಬಾಳು. ವಾರದ ದಿನಗಳಲ್ಲಿ ಅದು ಹೋಟೆಲಿನದು. ಸಾನಪಾಡಾದ ‘ಅನಸೂಯಾ ಭವನ’ದಿಂದ ಸಾಂಬಾರು, ಅನ್ನ, ಪಲ್ಯಗಳ ದೊಡ್ಡ ಪಾತ್ರೆಗಳನ್ನು ಐರೋಲಿಯ ಐಟಿ ಪಾರ್ಕಿನ ಊಟದ ಕೌಂಟರಿಗೆ ಹೊತ್ತೊಯ್ಯುತ್ತಿತ್ತು; ಓಡಿಸುವವಳು ವನಮಾಲಾ. ರಜೆಯ ದಿನಗಳಲ್ಲಿ ಅದು ಕಶ್ಯಪನದು. ಮಹಾಪೆಯ ಕಂಪನಿಯೊಂದರಲ್ಲಿ ಇಂಜಿನಿಯರನಾಗಿದ್ದ ಅವನು, ತನ್ನ ಸಂಬಳದಿಂದ ಅದಕ್ಕೆ ದೊಡ್ಡ ಟರ್ಬೊ ಕೂರಿಸಿ, ಇಂಜಿನ್ನಿನ ಸಾಫ್ಟ್‌ವೇರ್ ತಾನೇ ತಿದ್ದಿ ಬರೆದು, ವರ್ಷದ ಕೊನೆಗೊಮ್ಮೆ ಘಟ್ಟದ ಮೇಲಿನ ಖಾಸಗಿ ರನ್‌ವೇಯಲ್ಲಿ ನಡೆಯುವ ಡ್ರ್ಯಾಗ್ ರೇಸಿಗೆ ಒಯ್ಯುತ್ತಿದ್ದ. ನೇರ ದಾರಿ, ಎರಡೇ ಗಾಡಿ, ಹಸಿರು ದೀಪ. ಮೊದಲು ಗೆರೆ ದಾಟಿದವನು ಗೆದ್ದ. ಕಳೆದ ವರ್ಷ ದೀಪ ಹಸಿರಾದಾಗ ಅವನ ಇಂಜಿನ್ ಭೋರ್ಗರೆದಿತ್ತು, ಗಾಡಿ ಮಾತ್ರ ತೆವಳಿತ್ತು. ಹಿಂದಿನ ಗಾಜಿನ ಮೇಲಿದ್ದ ‘ಶುದ್ಧ ಶಾಕಾಹಾರಿ’ ಎಂಬ ಅಕ್ಷರಗಳನ್ನು ನೋಡಿ ಮೈಕ್ ಹಿಡಿದವನು “ಸಾಂಬಾರ್ ಎಕ್ಸ್‌ಪ್ರೆಸ್ ಆಜ್ ಲೇಟ್ ಚಲ್ ರಹೀ ಹೈ” ಎಂದು, ರೈಲು ತಡವೆಂದು ಸಾರುವ ಹಾಗೆ ಕೂಗಿದ್ದ; ಸೇರಿದವರೆಲ್ಲ ನಕ್ಕಿದ್ದರು. ಆ ನಗು ಕಶ್ಯಪನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ.

ಅವನು ಎರಡು ಸ್ಟೀಲ್ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಹಿಡಿದ. “ನೋಡಿ, ಇದು ಇಂಜಿನ್, ಇದು ಗೇರ್‌ಬಾಕ್ಸ್. ಸ್ಪ್ರಿಂಗ್ ಇವೆರಡನ್ನೂ ಒತ್ತಿ ಹಿಡಿದಿರ್ತದೆ. ಪೆಡಲ್ ತುಳಿದರೆ ಬಿಡ್ತದೆ. ನಾನು ಇಂಜಿನ್ನಿನ ಶಕ್ತಿ ಹೆಚ್ಚು ಮಾಡಿದ್ದೇನೆ, ಒತ್ತುವ ಸ್ಪ್ರಿಂಗ್ ಹಳೆಯದೇ ಉಂಟು. ಹಾಗಾಗಿ ಜಾರ್ತದೆ.”

“ಜಾರದ ಹಾಗೆ ಮಾಡಲಿಕ್ಕೆ ಎಂತ ಬೇಕು?” ಎಂದು ಅಜ್ಜಿ ಅನಸೂಯಮ್ಮ ಕೇಳಿದರು. ಹೋಟೆಲಿಗೆ ಇಟ್ಟದ್ದು ಅವರ ಹೆಸರೇ.

“ಮೂರು ದಾರಿ ಉಂಟು ಅಜ್ಜಿ. ತಟ್ಟೆಗೆ ಕಚ್ಚುವ ಲೋಹದ ತುಂಡು ಕೂರಿಸಬಹುದು. ಆದರೆ ಅದು ಗಪ್ಪೆಂದು ಹಿಡೀತದೆ, ಗಾಡಿ ಜಿಗೀತದೆ. ತಟ್ಟೆಯನ್ನೇ ಎರಡು ಮಾಡಬಹುದು, ಆದರೆ ಅದಕ್ಕೆ ನನ್ನ ಹತ್ತಿರ ದುಡ್ಡಿಲ್ಲ. ಮೂರನೆಯದು, ಗಟ್ಟಿ ಸ್ಪ್ರಿಂಗ್. ನಯವಾಗಿ ಹಿಡೀತದೆ, ಜಾರುವುದಿಲ್ಲ.”

“ಜಿಗಿಯುವುದು ಬೇಡವೇ ಬೇಡ. ಸಾಂಬಾರು ಚೆಲ್ಲಬಾರದು, ಅಷ್ಟೇ,” ಎಂದರು ರಾಯರು.

“ಅದಕ್ಕೇ ಅಪ್ಪ ನಾನು ಮೂರನೆಯದು ಅಂದದ್ದು.”

ಹೀಗೆ ಆ ಊಟದಲ್ಲಿ ಎಲ್ಲರೂ ಸಾಂಬಾರಿನ ಬಗ್ಗೆ ಯೋಚಿಸಿದರು. ಸ್ಪ್ರಿಂಗ್ ಗಟ್ಟಿಯಾದರೆ ಪೆಡಲೂ ಗಟ್ಟಿಯಾಗುತ್ತದೆ; ಅದನ್ನು ತುಳಿಯುವ ಕಾಲಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಯೋಚಿಸಬಹುದಾಗಿದ್ದ ಒಬ್ಬಳು ಹುಳಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

*

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಶ್ಯಪನ ಸ್ನೇಹಿತ ಸೂರಜನ ಗ್ಯಾರೇಜಿತ್ತು. ಮುಂದಿನ ಭಾನುವಾರ ಗೇರ್‌ಬಾಕ್ಸ್ ಇಳಿಸಿ, ಗಟ್ಟಿ ಸ್ಪ್ರಿಂಗಿನ ಕ್ಲಚ್ ಕೂರಿಸಿ, ಸಂಜೆಗೆ ಕಶ್ಯಪ ಗಾಡಿಯನ್ನು ಕಟ್ಟಡದ ಕೆಳಗೆ ತಂದು ನಿಲ್ಲಿಸಿದ. ತಾಯಿಯನ್ನು ಕೆಳಗೆ ಕರೆದ.

“ಅಮ್ಮ, ಒಂದು ಸಲ ಒತ್ತಿ ನೋಡು. ನಿನಗೆ ಆಗ್ತದಾ ಅಂತ.”

ಇದು ಆ ಮನೆಯವರ ಪದ್ಧತಿ. ಅನಸೂಯಾ ಭವನದಲ್ಲಿ ಪ್ರತಿದಿನ ಬೆಳಿಗ್ಗೆ ಅಡುಗೆಯ ಭಟ್ಟರು ಸಟ್ಟುಗದ ತುದಿಯಿಂದ ರಾಯರ ಅಂಗೈಗೆ ಒಂದು ಹನಿ ಸಾಂಬಾರು ಬಿಡುತ್ತಿದ್ದರು. ರಾಯರು ಅದನ್ನು ನೆಕ್ಕಿ, ಕಣ್ಣು ಮುಚ್ಚಿ, “ಅಡ್ಡಿ ಇಲ್ಲ” ಎಂದರೆ ಇಡೀ ಹಂಡೆ ಬಡಿಸುವುದಕ್ಕೆ ಹೊರಡುತ್ತಿತ್ತು. ಅವರ ತಂದೆಯ ಕಾಲದಿಂದ ಆ ಹನಿ ತಪ್ಪಿದ್ದಿಲ್ಲ. ಅಕ್ಕಿಯ ಚೀಲವಿರಲಿ, ಹೊಸ ಮಾಣಿಯ ಕೆಲಸವಿರಲಿ, ಒಮ್ಮೆ ನೋಡಿ ತೀರ್ಮಾನಿಸುವುದೇ ಅವರಿಗೆ ನಂಬಿಕೆ. ಅಳತೆಯ ಮನುಷ್ಯನಾದ ಕಶ್ಯಪನೂ ಆ ಸಂಜೆ ಅದನ್ನೇ ಮಾಡಿದ.

ವನಮಾಲಾ ಕುಳಿತು ಎಡಗಾಲನ್ನು ಪೆಡಲ್ ಮೇಲಿಟ್ಟಳು. ಅರ್ಧದಲ್ಲಿ ಅದು ಕಲ್ಲಿಗೆ ತಾಗಿದ ಹಾಗೆ ನಿಂತಿತು. ಬೆನ್ನನ್ನು ಸೀಟಿಗೆ ಒತ್ತಿ ತಳ್ಳಿದಾಗ ಕೆಳಗಿಳಿಯಿತು. ಮೊಣಕಾಲಿನ ಒಳಗಡೆ ಒಂದು ಬಿಸಿ ಸೂಜಿ ಆಡಿತು. ನವರಾತ್ರಿಯಿಂದ ಮೆಟ್ಟಿಲು ಇಳಿಯುವಾಗ ಆ ಸೂಜಿ ಅವಳಿಗೆ ಪರಿಚಿತವೇ.

“ಆಗ್ತದಾ?”

“ಅಡ್ಡಿ ಇಲ್ಲ,” ಎಂದಳು ವನಮಾಲಾ.

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮದುವೆಯಾಗಿ ಬಂದಂದಿನಿಂದ ಅವಳು ಹೋಟೆಲಿನ ಹಿಂಬದಿಯ ಅಡುಗೆಮನೆಯಲ್ಲಿ ತೆಂಗಿನಕಾಯಿ, ಕೊತ್ತಂಬರಿಗಳ ನಡುವೆ ಕಳೆದವಳು. ಐರೋಲಿಯ ಕೌಂಟರ್ ತೆರೆದ ವರ್ಷ, ಗಾಡಿಯ ಡ್ರೈವರ್ ಹೇಳದೆ ಕೇಳದೆ ಊರಿಗೆ ಹೋದ. ಮಕ್ಕಳಿಗೆ ಕಾಲೇಜು, ಕೆಲಸ. ರಾಯರಿಗೆ ಡ್ರೈವಿಂಗ್ ಬಾರದು. “ನಾನು ಕಲೀತೇನೆ,” ಎಂದಳು. “ಬೇರೆ ಯಾರಾದರೂ ಸಿಗುವವರೆಗೆ,” ಎಂದು ರಾಯರು ಒಪ್ಪಿದ್ದರು. ಬೇರೆ ಯಾರೂ ಸಿಗಲಿಲ್ಲ. ಯಾರೂ ಸಿಗದ ಹಾಗೆ ಅವಳು ನೋಡಿಕೊಂಡಳು. ಒಂದು ದಿನವೂ ತಡ ಮಾಡಲಿಲ್ಲ, ಒಂದು ಲೋಟ ಸಾರೂ ಚೆಲ್ಲಲಿಲ್ಲ. ಮೊಣಕಾಲು ನೋಯುತ್ತದೆ ಎಂದು ಬಾಯಿ ಬಿಟ್ಟರೆ ರಾಯರ ಅಂಗೈಗೆ ಆ ಒಂದು ಹನಿ ಸಾಕು. ಮರುದಿನದಿಂದ ಬಾಗಿಲ ಬಳಿಯ ಮೊಳೆಯಲ್ಲಿ ತೂಗುವ ಕೀಲಿ ಇನ್ನೊಬ್ಬರ ಕಿಸೆಗೆ ಹೋಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಸಾನಪಾಡಾದಿಂದ ಐರೋಲಿಗೆ ಠಾಣೆ–ಬೇಲಾಪುರ ರಸ್ತೆ ನೇರವೇ. ಆದರೆ ನಡುಹಗಲಿಗೆ ಮುಂಚಿನ ಆ ಹೊತ್ತಿನಲ್ಲಿ ತುರ್ಭೆಯಲ್ಲಿ ಮಾರ್ಕೆಟಿನ ಲಾರಿಗಳು, ಮುಂದೆ ಕಂಪನಿ ಬಸ್ಸುಗಳು, ಘಣಸೋಲಿಯ ಬಳಿ ಯಾವಾಗಲೂ ಅಗೆದಿರುವ ರಸ್ತೆ. ಗಾಡಿ ಓಡುವುದಕ್ಕಿಂತ ತೆವಳುವುದೇ ಹೆಚ್ಚು. ತುಳಿ, ಬಿಡು, ನಾಲ್ಕು ಮಾರು ಹೋಗು, ಮತ್ತೆ ತುಳಿ.

ಮುಂದಿನ ಸೀಟಿನಲ್ಲಿ ಅನಸೂಯಮ್ಮ ಇರುತ್ತಿದ್ದರು, ಅವರ ಮಡಿಲಲ್ಲಿ ಮೊಸರಿನ ಪಾತ್ರೆ. ಹಿಂದೆ ಸಾಂಬಾರಿನ ಬಿಸಿಗೆ ಮೊಸರು ಹುಳಿಯಾಗುತ್ತದೆಂದು ಅದನ್ನು ಎಸಿಯ ಗಾಳಿಗೆ ಹಿಡಿದು ಕೂರುವ ಕೆಲಸವನ್ನು ಎಪ್ಪತ್ತು ದಾಟಿದ ಅವರು ತಾವಾಗಿ ವಹಿಸಿಕೊಂಡಿದ್ದರು. ಸೊಸೆ ಮೊದಲ ದಿನ ಚೂಡಿದಾರ ಹಾಕಿ ಸ್ಟಿಯರಿಂಗ್ ಹಿಡಿದಾಗ “ಈ ವೇಷ ಯಾವ ಮೇಳದ್ದು?” ಎಂದು ಕೇಳಿದ್ದವರು ಅವರೇ. ಈಗ ಐರೋಲಿಗೆ ಹೋಗದ ದಿನ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ.

ಹೊಸ ಕ್ಲಚ್ಚಿನ ಮೊದಲ ವಾರ ವನಮಾಲಾ ಹೇಗೋ ಕಳೆದಳು. ಎರಡನೆಯ ವಾರ ತುರ್ಭೆ ದಾಟುವಷ್ಟರಲ್ಲಿ ಕಾಲು ತಾನಾಗಿ ಏಳುವುದನ್ನು ನಿಲ್ಲಿಸಿತು. ಅವಳು ಗೇರಿನ ಮೇಲಿದ್ದ ಎಡಗೈಯನ್ನು ಇಳಿಸಿ, ಮೊಣಕಾಲಿನ ಬಳಿಯ ಬಟ್ಟೆಯನ್ನು ಹಿಡಿದು, ಕಾಲನ್ನು ಎತ್ತಿ ಪೆಡಲ್ ಮೇಲೆ ಇಡತೊಡಗಿದಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಾರೆಂದು ಅವಳು ತಿಳಿದಿದ್ದಳು.

ಒಂದು ಗುರುವಾರ, ಮಹಾಪೆಯ ಸಿಗ್ನಲಿನಲ್ಲಿ, ಪೆಡಲ್ ಒತ್ತಿ ಹಿಡಿದಿದ್ದ ಕಾಲು ನಡುಗಿ ಜಾರಿತು. ಗಾಡಿ ಒಮ್ಮೆ ಮುಂದಕ್ಕೆ ಹಾರಿ, ಇಂಜಿನ್ ಬಂದ್ ಆಯಿತು. ಮೊಸರಿನ ಪಾತ್ರೆಯ ಮುಚ್ಚಳ ಕಳಚಿ, ಅನಸೂಯಮ್ಮನ ಸೀರೆಯ ಮೇಲೆಲ್ಲ ಬಿಳಿ ಹರಿಯಿತು. ಹಿಂದಿನ ರಿಕ್ಷಾದವನು ಹಾರ್ನ್ ಬಿಡದೆ ಒತ್ತಿ, “ಓ ಮಾವಶಿ, ಪುಢೇ ಚಲಾ!” ಎಂದು, ಗಾಡಿ ಮುಂದೆ ಒಯ್ಯಲು ಕೂಗಿದ.

“ಅತ್ತೆ, ನಿಮಗೆ ಎಂತ ಆಗಲಿಲ್ಲವಲ್ಲ?”

“ನನಗೆ ಎಂತ ಆಗ್ತದೆ? ಮೊದಲು ಗಾಡಿ ತೆಗಿ. ಅವನ ಗಂಟಲು ಹರೀತದೆ ಈಗ.”

ಅಂದು ಕೌಂಟರಿನಲ್ಲಿ ಮೊಸರು ಸಾಲಲಿಲ್ಲ. ಸಂಜೆ ರಾಯರು ಕೇಳಿದಾಗ ವನಮಾಲಾ ಬಾಯಿ ತೆರೆಯುವ ಮೊದಲೇ ಅನಸೂಯಮ್ಮ, “ನನ್ನ ಕೈ ಜಾರಿತು. ವಯಸ್ಸಾಯಿತಲ್ಲ,” ಎಂದುಬಿಟ್ಟರು. ಸೊಸೆಯ ಮುಖವನ್ನು ಮಾತ್ರ ನೋಡಲಿಲ್ಲ.

*

ಸುಳ್ಳು ಭಾನುವಾರದ ಊಟದವರೆಗೆ ಬಾಳಿತು.

“ಯಜ್ಞೇಶ, ನಾಳೆಯಿಂದ ನಾನು ಮೊಸರಿನ ಪಾತ್ರೆ ಹಿಡಿಯುವುದಿಲ್ಲ,” ಎಂದರು ಅನಸೂಯಮ್ಮ. ಅವರು ಇನ್ನೂ ಅನ್ನ ಕಲಸಿರಲಿಲ್ಲ.

“ಯಾಕಮ್ಮ, ಕೈನೋವು ಹೆಚ್ಚಾಯಿತಾ?”

“ನನ್ನ ಕೈ ಸರಿ ಉಂಟು. ಇವಳ ಕಾಲು ಸರಿ ಇಲ್ಲ.”

“ಅತ್ತೆ…” ಎಂದಳು ವನಮಾಲಾ.

“ಎಂತ ಅತ್ತೆ? ಒಂದು ಸಲ ನಿನಗೆ ಬೇಕಾಗಿ ಸುಳ್ಳು ಹೇಳಿದೆ. ಇನ್ನೊಂದು ಸಲ ಹೇಳಲಿಕ್ಕೆ ನಾವಿಬ್ಬರೂ ಇರಬೇಕಲ್ಲ? ಮೊನ್ನೆ ಆ ಲಾರಿಯ ಬುಡದಲ್ಲಿ ನಿಂತಾಗ ನಿನ್ನ ಕೈ ಎಲ್ಲಿತ್ತು? ಬಾವಿಯಿಂದ ಕೊಡ ಎತ್ತಿದ ಹಾಗೆ ಕಾಲನ್ನು ಕೈಯಲ್ಲಿ ಎತ್ತಿ ಇಡ್ತಿದ್ದಿ. ನಾನು ಕಿಟಕಿ ನೋಡ್ತೇನೆ ಅಂತ ಮಾಡಿದ್ದೀಯಾ?”

ಕಶ್ಯಪ ಕೇಳಿದ: “ಯಾವಾಗಿನಿಂದ?”

“ಚಳಿಗೆ ಸ್ವಲ್ಪ ಹಿಡಿದ ಹಾಗೆ…”

“ಅಮ್ಮ. ಯಾವಾಗಿನಿಂದ?”

“ನವರಾತ್ರಿಯಿಂದ.”

“ಅಂದರೆ ಕ್ಲಚ್ ಹಾಕುವುದಕ್ಕೆ ಮೊದಲೇ! ನಿನ್ನನ್ನು ಕೇಳಿಯೇ ಹಾಕಿದ್ದಲ್ಲ ನಾನು? ಒತ್ತಿ ನೋಡು ಅಂದೆ. ಅಡ್ಡಿ ಇಲ್ಲ ಅಂದಿ.”

“ಒಂದು ಸಲ ಒತ್ತಲಿಕ್ಕೆ ಅಡ್ಡಿ ಇರಲಿಲ್ಲ.”

“ಕಮಾಲ್ ಹೈ ಅಮ್ಮ,” ಎಂದಳು ಶ್ರೀಪ್ರಿಯಾ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನನ್ನ ಕಾಲು ಉಳುಕಿದರೆ ಇಡೀ ಬಿಲ್ಡಿಂಗಿಗೆ ಹೇಳ್ತಿ.”

ರಾಯರು ಕೈ ಝಾಡಿಸಿದರು. “ಚರ್ಚೆ ಸಾಕು. ನಾಳೆಯಿಂದ ಡ್ರೈವರ್. ನಮ್ಮ ಹೋಟೆಲಿನ ಮಾಪಣ್ಣನ ಅಳಿಯ ಕೆಲಸ ಇಲ್ಲದೆ ಕೂತಿದ್ದಾನೆ, ಟೆಂಪೊ ಓಡಿಸಿ ಅಭ್ಯಾಸ ಉಂಟು. ನೀನು ಇನ್ನು ಮನೆಯಲ್ಲಿ ಕಾಲು ಚಾಚಿ ಕೂತುಕೋ. ಕೀಲಿ ನನಗೆ ಕೊಡು.”

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದರು. ವನಮಾಲಾ ಎದ್ದು ಕೈ ತೊಳೆದಳು. ಮೊಳೆಯಿಂದ ಕೀಲಿ ತೆಗೆದು, ಗಂಡನಿಗೆ ಕೊಡದೆ, ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಮರುದಿನ ಅವಳು ಕೆಳಗಿಳಿದಾಗ ಕಶ್ಯಪ ಗಾಡಿಯ ಬಳಿ ನಿಂತಿದ್ದ. ಆಫೀಸಿಗೆ ರಜೆ ಹಾಕಿದ್ದ.

“ನಾನು ಓಡಿಸುವುದಿಲ್ಲ. ಹಿಂದೆ ಕೂರ್ತೇನೆ,” ಎಂದ.

“ಹಿಂದೆ ಜಾಗ ಎಲ್ಲುಂಟು? ಅನ್ನದ ಪಾತ್ರೆಯ ಮೇಲೆ ಕೂರ್ತೀಯಾ?”

“ಅದರ ಪಕ್ಕ.”

ಅವನು ಪಲ್ಯದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕುಳಿತ. ಮುಂದೆ ಅನಸೂಯಮ್ಮ ಇದ್ದರು. ಹಿಡಿಯುವುದಿಲ್ಲ ಎಂದಿದ್ದ ಮೊಸರಿನ ಪಾತ್ರೆಯೂ ಅವರ ಮಡಿಲಲ್ಲಿತ್ತು. ಹಿಂದಿನಿಂದ ಕಶ್ಯಪನಿಗೆ ತಾಯಿಯ ಎಡಭುಜ ಮಾತ್ರ ಕಾಣುತ್ತಿತ್ತು. ಅದು ಇಳಿಯುವುದು, ಬಿಗಿಯುವುದು, ಏಳುವುದು, ಮತ್ತೆ ಇಳಿಯುವುದು. ಬಿಗಿಯುವಾಗ ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ರೇಸಿನಲ್ಲಿ ಒಂದು ಓಟಕ್ಕೆ ಅವನು ಬೆರಳೆಣಿಕೆಯಷ್ಟು ಸಲ ಕ್ಲಚ್ ತುಳಿಯುತ್ತಿದ್ದ.

ಐರೋಲಿಯಲ್ಲಿ ಪಾತ್ರೆಗಳನ್ನು ಇಳಿಸುವಾಗ ಅವನು ಆ ಕೌಂಟರನ್ನು ಬಹಳ ದಿನಗಳ ಮೇಲೆ ನೋಡಿದ. ಕೂಪನ್ ಹರಿಯುವ ಹುಡುಗಿ ಅಶ್ಮಿತಾ “ವನಮಾಲಾ ಆಂಟಿ ಆಲ್ಯಾ!” ಎಂದು, ಆಂಟಿ ಬಂದ ಸುದ್ದಿಯನ್ನು ಒಳಗೆ ಕೂಗಿದಳು. ಕತ್ತಿಗೆ ಕಾರ್ಡು ಹಾಕಿಕೊಂಡವರು ಸಾಲಿನಲ್ಲಿ ನಿಂತು “ಆಂಟಿ, ಆಜ್ ರಸಂ ಹೈ ಕ್ಯಾ?” ಎಂದು ಕೇಳುತ್ತಿದ್ದರು. ವನಮಾಲಾ ಒಬ್ಬೊಬ್ಬರಿಗೂ ಹೆಸರು ಹಿಡಿದು ಉತ್ತರ ಕೊಡುತ್ತಿದ್ದಳು. ರಜೆ ಮುಗಿಸಿ ಬಂದವನ ಮಗುವಿನ ಜ್ವರ ವಿಚಾರಿಸುತ್ತಿದ್ದಳು. ಸಾನಪಾಡಾದ ಹೋಟೆಲಿನಲ್ಲಿ ಇಷ್ಟು ವರ್ಷ ಅವಳನ್ನು ಹೆಸರು ಹಿಡಿದು ಕರೆದವರಿರಲಿಲ್ಲ. ಅಲ್ಲಿ ಅವಳು ಶೇಟ್‌ಜಿಯ ಮನೆಯವರು.

ಹಿಂತಿರುಗುವ ಮುನ್ನ, ಗಾಡಿಯ ಬಾಗಿಲ ಬಳಿ, ಅವನು ಮೆಲ್ಲಗೆ ಹೇಳಿದ: “ಅಮ್ಮ, ನೀನು ಎಷ್ಟು ಸಲ ತುಳೀತಿ ಅಂತ ಎಣಿಸಲಿಕ್ಕೆ ಹೊರಟೆ. ಘಣಸೋಲಿ ಬರುವಾಗ ಬಿಟ್ಟುಬಿಟ್ಟೆ. ನನ್ನಿಂದ ಆಗಲಿಲ್ಲ.”

“ಎಣಿಸಿದರೆ ಕಡಿಮೆ ಆಗ್ತದಾ? ಪಾತ್ರೆ ಒಳಗಿಡು,” ಎಂದಳು ವನಮಾಲಾ.

*

ಆ ಸಂಜೆ ರಾಯರು ಬರುವಾಗ ಮಾಪಣ್ಣನ ಅಳಿಯನ ಫೋನ್ ನಂಬರ್ ತಂದಿದ್ದರು.

“ನಾನು ಹಳೆಯ ಕ್ಲಚ್ಚನ್ನೇ ಹಾಕಿಸ್ತೇನೆ ಅಪ್ಪ. ಇಂಜಿನ್ನೂ ಮೊದಲಿನ ಹಾಗೆ ಮಾಡ್ತೇನೆ. ರೇಸ್ ಕ್ಯಾನ್ಸಲ್,” ಎಂದ ಕಶ್ಯಪ.

“ಅದು ನಿನ್ನ ಇಷ್ಟ. ಡ್ರೈವರ್ ಅಂತೂ ಬೇಕೇ ಬೇಕು.”

“ಆಟೋಮ್ಯಾಟಿಕ್ ಗಾಡಿ ತೆಗೊಂಡರೆ ಕ್ಲಚ್ಚೇ ಇಲ್ಲ,” ಎಂದಳು ಶ್ರೀಪ್ರಿಯಾ.

“ಐರೋಲಿಯ ಕಾಂಟ್ರ್ಯಾಕ್ಟ್ ಮಾರ್ಚಿನಲ್ಲಿ ರಿನ್ಯೂ ಆಗ್ತದೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಮೊದಲು ಹೊಸ ಗಾಡಿಯ ಮಾತಿಲ್ಲ.”

“ನೀವು ಮೂವರೂ ತೀರ್ಮಾನ ಮಾಡಿ ಆಯಿತಾ?” ಎಂದು ವನಮಾಲಾ ಕೇಳಿದಳು. ಅವಳು ನಿಂತೇ ಇದ್ದಳು. ಮಡಚಿದರೆ ಮೊಣಕಾಲು ಮತ್ತೆ ಬಿಡಿಸುವುದು ಕಷ್ಟವಾಗುತ್ತಿತ್ತು. “ನಾನು ಹೇಳದೆ ಇದ್ದದ್ದು ತಪ್ಪು. ಅತ್ತೆಯನ್ನು ಕೂರಿಸಿಕೊಂಡು ಹಾಗೆ ಓಡಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಯಾಕೆ ಹೇಳಲಿಲ್ಲ ಅಂತ ನೀವು ಯಾರೂ ಕೇಳಲಿಲ್ಲ.”

“ಯಾಕೆ?” ಎಂದರು ರಾಯರು.

“ನೀವು ಹೀಗೆ ನಂಬರ್ ತರ್ತೀರಿ ಅಂತ.”

ರಾಯರು ಕೈಯಲ್ಲಿದ್ದ ಚೀಟಿಯನ್ನು ನೋಡಿಕೊಂಡರು.

“ನಿಮ್ಮ ಅಂಗೈಗೆ ಬಿದ್ದ ಹನಿಯನ್ನು ನೋಡಿ ನೀವು ಹಂಡೆಯನ್ನು ತಿಳೀತೀರಿ. ಸಾಂಬಾರಿಗೆ ಅದು ಸರಿ. ಇವನು ನನ್ನ ಕಾಲನ್ನು ಒಂದು ಸಲ ಒತ್ತಿಸಿ ನೋಡಿದ, ನೀವು ಒಂದು ಮಾತು ಕೇಳಿ ಕೀಲಿ ಕೇಳಿದಿರಿ. ನನ್ನ ಕಾಲು ನಿಂತೇ ಹೋದರೆ ಕೀಲಿ ನಾನೇ ತಂದು ಕೊಡ್ತೇನೆ. ಅದು ಇನ್ನೂ ನಿಂತಿಲ್ಲ. ಮೊದಲು ಡಾಕ್ಟರಿಗೆ ತೋರಿಸುವ. ಆಮೇಲೆ ನಾನು ತುಳಿಯಬಹುದಾದ ಕ್ಲಚ್ ಯಾವುದುಂಟು ಅಂತ ನಾನೇ ಹೋಗಿ ನೋಡ್ತೇನೆ. ಆಮೇಲೆ ನಿಮ್ಮ ಡ್ರೈವರ್.”

“ಅಷ್ಟರವರೆಗೆ ಕೌಂಟರ್?”

“ಅಷ್ಟರವರೆಗೆ ಅವನನ್ನೇ ಕರೀರಿ. ನಾನು ಪಕ್ಕದಲ್ಲಿ ಕೂರ್ತೇನೆ. ಮೊಸರು ನಾನು ಹಿಡೀತೇನೆ.”

“ನನ್ನ ಕೆಲಸಕ್ಕೆ ಕಲ್ಲು,” ಎಂದರು ಅನಸೂಯಮ್ಮ ಒಳಗಿನಿಂದ.

ಯಾರಿಗೂ ನಗು ಬರಲಿಲ್ಲ; ಆದರೆ ರಾಯರು ಆ ಚೀಟಿಯನ್ನು ಮಡಚಿ, “ಒಂದು ವಾರಕ್ಕೆ ಮಾತ್ರ ಅಂತ ಹೇಳ್ತೇನೆ,” ಎಂದರು.

*

ವಾಶಿಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಸಂದು ಸವೆದಿದೆ, ಮೊದಲಿನಂತಾಗದು, ಹಗುರವಾಗಿ ಬಳಸಿದರೆ ಬೇಗ ಕೆಡದು ಎಂದರು. ವ್ಯಾಯಾಮ ಹೇಳಿಕೊಟ್ಟರು. ಎಷ್ಟು ವರ್ಷ ಎಂದು ವನಮಾಲಾ ಕೇಳಲಿಲ್ಲ.

ಭಾನುವಾರ ಅವಳು ಮಗನ ಜೊತೆ ಡೊಂಬಿವಲಿಗೆ ಹೋದಳು. ಸೂರಜ್ ಕಾರ್ಕಳದ ಕಡೆಯವನು, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಕುರ್ಚಿ ಒರೆಸಿ ಕೊಟ್ಟು, ಬೆಂಚಿನ ಮೇಲೆ ಕ್ಲಚ್ಚಿನ ಬಿಲ್ಲೆಗಳನ್ನು ಹರಡಿದ.

“ಆಂಟಿ, ಇಲ್ಲಿಗೆ ಗಿರಾಕಿಗಳ ಅಮ್ಮಂದಿರು ಬರುವುದು ಬಯ್ಯಲಿಕ್ಕೆ ಮಾತ್ರ. ಕ್ಲಚ್ ಸೆಲೆಕ್ಟ್ ಮಾಡಲಿಕ್ಕೆ ಬಂದವರು ನೀವೇ ಪೈಲಾ, ಫಸ್ಟ್.”

“ಬಯ್ಯುವುದನ್ನೂ ತಂದಿದ್ದೇನೆ. ಮೊದಲು ಇದು ಮುಗಿಯಲಿ,” ಎಂದಳು ವನಮಾಲಾ.

ಅವಳು ಬೆಂಚಿನ ಮೇಲಿನ ಯಾವುದನ್ನೂ ಮುಟ್ಟಲಿಲ್ಲ. ಬಿಲ್ಲೆ ನೋಡಿದರೆ ತನಗೆ ಏನು ತಿಳಿಯುತ್ತದೆ, ಇಂಥದು ಹಾಕಿದ ಗಾಡಿ ಇದ್ದರೆ ಕೊಡು, ಓಡಿಸುತ್ತೇನೆ ಎಂದಳು. ರಿಪೇರಿ ಮುಗಿದ ಎರಡು ಗಾಡಿಗಳಿದ್ದವು. ಸೂರಜ್ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸಿದ. ಒಂದಕ್ಕೆ ಲೋಹದ ತುಂಡುಗಳ ಕ್ಲಚ್. ಪೆಡಲ್ ಹಗುರ; ಆದರೆ ಗೇಟು ದಾಟುವಷ್ಟರಲ್ಲಿ ಗಾಡಿ ಜಿಗಿದು ಎರಡು ಸಲ ಬಂದ್ ಆಯಿತು.

“ಇದು ಗಾಡಿಯಾ, ಕಪ್ಪೆಯಾ?” ಎಂದು ಇಳಿದಳು.

ಎರಡನೆಯದಕ್ಕೆ ಕಂಪನಿಯ ಕ್ಲಚ್ಚಿಗಿಂತ ತುಸುವೇ ಬಿಗಿಯಾದ ಸ್ಪ್ರಿಂಗು, ಬಿಲ್ಲೆಗೆ ಚೆನ್ನಾಗಿ ಹಿಡಿಯುವ ಬೇರೆ ಲೇಪ. ಅದನ್ನು ಅವಳು ಗ್ಯಾರೇಜಿನ ಅಂಗಳದಲ್ಲಿ ಪರೀಕ್ಷಿಸಿ ಬಿಡಲಿಲ್ಲ. ಶಿಳ್‌ಫಾಟಾದವರೆಗೆ, ಮೆಟ್ರೊ ಕಂಬಗಳ ನಡುವಿನ ಆ ಕುಪ್ರಸಿದ್ಧ ಜಾಮಿನೊಳಗೆ ಬೇಕೆಂದೇ ಹೋಗಿ, ಅದರಲ್ಲೇ ತಿರುಗಿ ಬಂದಳು. ಪಕ್ಕದಲ್ಲಿ ಕುಳಿತ ಕಶ್ಯಪ ತಾಯಿಯ ಎಡಗೈಯನ್ನೇ ನೋಡುತ್ತಿದ್ದ. ಅದು ಹೋಗುವಾಗಲೂ ಬರುವಾಗಲೂ ಗೇರಿನ ಮೇಲೆಯೇ ಇತ್ತು.

“ನೋಯುವುದಿಲ್ಲವಾ?”

“ನೋಯ್ತದೆ. ಆದರೆ ತುಳಿಯಲಿಕ್ಕೆ ಆಗ್ತದೆ.”

ಸೂರಜ್ ತಲೆ ಕೆರೆದುಕೊಂಡ. “ಕಶ್ಯಪ, ಇದು ನಿನ್ನ ಈಗಿನ ಪವರ್ ತಡೆಯುವುದಿಲ್ಲ, ಆತಾಚ್ ಸಾಂಗತೋ, ಈಗಲೇ ಹೇಳ್ತೇನೆ. ಕೆಳಗಿನ ಗೇರುಗಳಲ್ಲಿ ನೀನೇ ಪವರ್ ಕಟ್ ಮಾಡಬೇಕು. ಸ್ಟಾರ್ಟಿನಲ್ಲಿ ಎಲ್ಲರೂ ನಿನ್ನನ್ನು ಬಿಟ್ಟು ಹೋಗ್ತಾರೆ.”

“ಹೋಗಲಿ,” ಎಂದ ಕಶ್ಯಪ.

“ಹಾಗೆ ಮುಖ ಊದಿಸಿ ಹೋಗಲಿ ಅನ್ನಬೇಡ,” ಎಂದಳು ವನಮಾಲಾ. “ಮುಂದೆ ಒಂದು ದಿನ, ಅಮ್ಮನ ಕಾಲಿನಿಂದ ಸೋತೆ ಅಂತ ಹೇಳುವುದಾದರೆ ನನಗೆ ಈ ಕ್ಲಚ್ ಬೇಡ.”

ಕಶ್ಯಪ ಬೆಂಚಿನ ಮೇಲಿನ ಬಿಲ್ಲೆಯೊಂದನ್ನು ತಿರುಗಿಸಿದ. “ಮುಖ ಊದಿಸಬೇಡ ಅಂದರೂ ಊದ್ತದೆ ಅಮ್ಮ. ನನಗೆ ಗೆಲ್ಲಬೇಕಿತ್ತು. ಆದರೆ ಸೋತರೆ ನಿನ್ನ ಕಾಲಿನಿಂದ ಅಲ್ಲ. ಗಾಡಿ ವಾರವಿಡೀ ಯಾರ ಕೈಯಲ್ಲಿ ಇರ್ತದೆ ಅಂತ ನಾನು ಮೊದಲೇ ಯೋಚನೆ ಮಾಡಬೇಕಿತ್ತು, ಮಾ‌ಡಲಿಲ್ಲ. ಇಷ್ಟು ಓದಿ, ಪಾರ್ಕಿಂಗಿನಲ್ಲಿ ಒಂದು ಸಲ ಒತ್ತಿಸಿ ನೋಡಿದೆ.”

“ಆಯಿತು, ಹಾಕಿಸು,” ಎಂದಳು ಅವಳು. ತಂದಿದ್ದ ಬೈಗುಳವನ್ನು ಮರೆತೇಬಿಟ್ಟಳು.

*

ಡಿಸೆಂಬರಿನ ಕೊನೆಯ ವಾರ ರೇಸ್ ನಡೆಯಿತು. ಕಶ್ಯಪ ಮರಳಿದಾಗ ಮನೆಯವರು ಸಂಜೆಯ ಅವಲಕ್ಕಿ ತಿನ್ನುತ್ತಿದ್ದರು. ಅವನ ಮುಖ ನೋಡಿ ಶ್ರೀಪ್ರಿಯಾ ತಟ್ಟೆ ಮುಂದಿಟ್ಟಳು.

“ಎರಡನೇ ಸುತ್ತಿನಲ್ಲಿ ಹೋಯಿತು,” ಎಂದ ಅವನೇ. “ಸ್ಟಾರ್ಟಿನಲ್ಲೇ ಪಕ್ಕದ ಗಾಡಿಯವನು ಬಿಟ್ಟುಹೋದ. ಆಮೇಲೆ ಹಿಡಿದೆ, ಆದರೆ ದಾರಿ ಮುಗಿಯಿತು.”

“ಕ್ಲಚ್ ಜಾರಿತಾ?” ಎಂದು ವನಮಾಲಾ ಕೇಳಿದಳು.

“ಇಲ್ಲ. ಜಾರಲಿಲ್ಲ.”

“ಆ ಮೈಕಿನವನು?”

“ಅವನು ಈ ವರ್ಷವೂ ಅದೇ ಹೇಳಿದ.” ಕಶ್ಯಪ ಅವಲಕ್ಕಿಯನ್ನು ಬಾಯಿಗಿಟ್ಟ. ಎರಡು ತುತ್ತು ನುಂಗಿದ ಮೇಲೆ, “ಹೇಳಲಿ,” ಎಂದ. ರಾಯರು ತಮ್ಮ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಅವನ ತಟ್ಟೆಗೆ ಸರಿಸಿದರು. ಅವರಿಗೆ ತಿಳಿದ ಸಮಾಧಾನ ಅದೊಂದೇ.

ಸಂಕ್ರಾಂತಿ ಕಳೆದ ಒಂದು ಸೋಮವಾರ ವನಮಾಲಾ ಎಂದಿನಂತೆ ಹೊರಟಳು. ಮಾಪಣ್ಣನ ಅಳಿಯ ಆಗಲೇ ಬೇರೆ ಕಡೆ ಕೆಲಸ ಹಿಡಿದಿದ್ದ. ಮುಂದಿನ ಸೀಟಿನಲ್ಲಿ ಅನಸೂಯಮ್ಮ, ಅವರ ಮಡಿಲಲ್ಲಿ ಮೊಸರು. ತುರ್ಭೆ ದಾಟಿತು, ಮಹಾಪೆ ದಾಟಿತು. ಘಣಸೋಲಿಯ ಅಗೆತ ಮುಗಿದು ಅದೇ ರಸ್ತೆಯನ್ನು ಇನ್ನೊಂದು ಬದಿಯಿಂದ ಅಗೆಯುತ್ತಿದ್ದರು. ಸಾಲು ಕರಗುವ ಹಾಗೆ ಕಾಣಲಿಲ್ಲ. ರಬಾಳೆ ಹತ್ತಿರವಾಗುವಾಗ ಮೊಣಕಾಲಿನೊಳಗೆ ಸೂಜಿ ಎದ್ದು, ತೊಡೆಯವರೆಗೆ ಏರಿತು. ಅವಳ ಎಡಗೈ ಗೇರನ್ನು ಬಿಟ್ಟು ಕೆಳಗಿಳಿಯುತ್ತಿತ್ತು. ಅನಸೂಯಮ್ಮ ಅದನ್ನು ನೋಡಿದರು. ನೋಡುತ್ತಿದ್ದಾರೆಂದು ವನಮಾಲಾಳಿಗೂ ಗೊತ್ತಾಯಿತು.

ಕೈ ಮತ್ತೆ ಮೇಲೆ ಬಂದು ಎಡಗಡೆಯ ದೀಪ ಹಾಕಿತು. ಗಾಡಿಯನ್ನು ರಸ್ತೆಯ ಬದಿಗೆ ಎಳೆದು ನಿಲ್ಲಿಸಿ, ಅವಳು ಇಂಜಿನ್ ಆರಿಸಿದಳು.

“ಅತ್ತೆ, ಇವತ್ತು ನೋಯ್ತಾ ಉಂಟು.”

“ಹಾಗಾದರೆ ಸ್ವಲ್ಪ ಕೂರುವ,” ಎಂದರು ಅನಸೂಯಮ್ಮ. “ಸಾಂಬಾರು ಎಲ್ಲಿಗೂ ಓಡುವುದಿಲ್ಲ.”

ವನಮಾಲಾ ಸೀಟನ್ನು ಹಿಂದಕ್ಕೆ ತಳ್ಳಿ ಕಾಲು ಚಾಚಿದಳು. ಪಕ್ಕದಲ್ಲಿ ಬಸ್ಸುಗಳು ಹೋದವು. ಹಿಂದೆ ಪಾತ್ರೆಗಳ ಮುಚ್ಚಳದಡಿಯಿಂದ ಇಂಗಿನ ವಾಸನೆ ಬರುತ್ತಿತ್ತು, ಸೀದ ವಾಸನೆ ಇರಲಿಲ್ಲ. ಅವಳು ಫೋನ್ ತೆಗೆದು ಅಶ್ಮಿತಾಳಿಗೆ ಕರೆ ಮಾಡಿದಳು. ಕೌಂಟರ್ ತೆರೆದಂದಿನಿಂದ ಅಂಥ ಕರೆಯನ್ನು ಅವಳು ಮಾಡಿರಲಿಲ್ಲ.

“ಅಶ್ಮಿತಾ, ಲೋಕಾಂನಾ ಸಾಂಗ್, ಎಲ್ಲರಿಗೂ ಹೇಳು,” ಎಂದಳು. “ಆಂಟಿಗೆ ಇವತ್ತು ಸ್ವಲ್ಪ ತಡ ಆಗ್ತದೆ ಅಂತ.”

ಹಾಗಾದರೆ ಬೇರೆ ಯಾರಾದರೂ ಬರುತ್ತಾರಾ ಎಂದು ಅತ್ತಲಿಂದ ಅಶ್ಮಿತಾ ಕೇಳಿದಳು.

“ಬರ್ತೇನೆ,” ಎಂದಳು ವನಮಾಲಾ. “ನಾನೇ ಬರ್ತೇನೆ.”